ಬೇಳೆ ಬೇಯದ ಬಾವಿಯ ಹರಳು

ನಮ್ಮ ಮನೆಗೆ ಬಂದವರು ಯಾರಾದರೂ ಪುಸ್ತಕದ ಕಪಾಟಿನ ಮೇಲಿರೋ ಹಳೇ ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದರೆ ಕೇಳೋ ಮೊದಲ ಪ್ರಶ್ನೆ ಒಂದೇ. "ಇದೇನ್ರೀ, ಕಾಗೆಬಂಗಾರನಾ?"

ಅಲ್ಲ. ಆದರೆ ಅವರದ್ದು ತಪ್ಪಿಲ್ಲ, ನಾನೂ ಹದಿನೈದು ವರ್ಷ ಹಾಗೇ ಅಂದುಕೊಂಡಿದ್ದೆ. ಡಬ್ಬದಲ್ಲಿ ಹತ್ತಿಯ ಮೇಲೆ ಐದು ಹರಳುಗಳಿವೆ. ದೊಡ್ಡದು ನನ್ನ ಕಿರುಬೆರಳಿನಷ್ಟು ಉದ್ದ. ತಿಳಿನೀರಿನ ಬಣ್ಣ, ಅಂಚಿನಲ್ಲಿ ಸ್ವಲ್ಪ ಜೇನುಬಣ್ಣ, ಒಳಗೆ ಒಂದು ಕಪ್ಪು ಗೆರೆ. ಬ್ಲೇಡಿನ ತುದಿ ಸೋಕಿಸಿದರೆ ಹಾಳೆ ಹಾಳೆಯಾಗಿ ಬಿಡುತ್ತೆ. ಕಾಗೆಬಂಗಾರ, ಅಂದರೆ ಅಭ್ರಕ, ಅದೂ ಹಾಗೇ ಬಿಡುತ್ತಲ್ಲ, ಅದಕ್ಕೇ ಗೊಂದಲ. ಬೇರೆ ಮಾಡಿ ನೋಡೋದು ಸುಲಭ. ಒಂದು ತೆಳು ಹಾಳೆ ಎಬ್ಬಿಸಿ ಬಗ್ಗಿಸಿ ಬಿಡಿ. ಅಭ್ರಕ ಚಂಗನೆ ಮೊದಲಿನ ಹಾಗೇ ನೆಟ್ಟಗಾಗುತ್ತೆ. ಇದು ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತೆ. ಇನ್ನೊಂದು ಪರೀಕ್ಷೆ ನಿಮ್ಮ ಬೆರಳ ತುದಿಯಲ್ಲೇ ಇದೆ. ಖನಿಜಗಳ ಗಡಸುತನದ ಅಳತೆಯಲ್ಲಿ ಇದಕ್ಕೆ 2, ನಮ್ಮ ಉಗುರಿಗೆ ಸುಮಾರು ಎರಡೂವರೆ. ಉಗುರಲ್ಲಿ ಗೀರಿದರೆ ಗೀರು ಬೀಳುತ್ತೆ.

ಇದರ ಹೆಸರು ಸೆಲೆನೈಟ್. ಗ್ರೀಕರ ಚಂದ್ರದೇವತೆ ಸೆಲೀನಳಿಂದ ಬಂದ ಹೆಸರು, ಹರಳಿನ ಮೇಲೆ ಬೆಳದಿಂಗಳಂಥ ಹೊಳಪು ಆಡುತ್ತೆ ಅಂತ. ಸೆಲೆನಿಯಂ ಅನ್ನೋ ಧಾತು ಇದರಲ್ಲಿ ಇಲ್ಲ. ಇರೋದೆಲ್ಲ ಬರೀ ಜಿಪ್ಸಂ. ಹೌದು, ಶೇಂಗಾ ಹೊಲಕ್ಕೆ ಎಕರೆಗೆ ಎರಡು ಕ್ವಿಂಟಾಲ್ ಎರಚ್ತೀವಲ್ಲ, ಅದೇ ಜಿಪ್ಸಂ. ಮೂಟೆಯಲ್ಲಿ ಬರೋದು ಬೂದಿಯಂಥ ಪುಡಿ. ಅದೇ ವಸ್ತು ನಿಧಾನವಾಗಿ, ಯಾರ ಕಾಟವೂ ಇಲ್ಲದೆ, ತನ್ನ ಪಾಡಿಗೆ ತಾನು ಕಟ್ಟಿಕೊಂಡರೆ ಈ ಗಾಜಿನಂಥ ಹರಳು.

ಇವು ಸಿಕ್ಕಿದ್ದು ನಮ್ಮೂರಲ್ಲಿ, ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆ, ನಮ್ಮ ದೊಡ್ಡಪ್ಪನ ಬಾವಿಯಲ್ಲಿ. ಆ ಬಾವಿ ಈಗಿಲ್ಲ.

1985ರ ಬರ. ರಾಜ್ಯದ ಅರ್ಧಕ್ಕೆ ಅರ್ಧ ಮಳೆ ಕಾಣದ ವರ್ಷ. ನಾನು ಆರನೇ ಕ್ಲಾಸು. ನಮ್ಮ ಕಡೆ ಹೊಲ ಹೆಚ್ಚುಪಾಲು ಕೆಂಪು ಮಣ್ಣು, ರಾಗಿ, ಶೇಂಗಾ, ನವಣೆ ಬೆಳೆಯೋ ನೆಲ. ತಗ್ಗಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಎರೆಹೊಲ. ದೊಡ್ಡಪ್ಪನ ಎರಡೆಕರೆ ಅಂಥ ತಗ್ಗು. ಮೇಲಿನ ಬಾವಿ ಬತ್ತಿದ ಮೇಲೆ, ತಗ್ಗಲ್ಲಿ ತೋಡಿದರೆ ನೀರು ಸಿಕ್ಕೇ ಸಿಗುತ್ತೆ ಅಂತ ಅವರು ಸಾಲ ಎತ್ತಿ ಬಾವಿ ತೋಡಿಸಿದರು. ದಿನಾ ಸ್ಕೂಲು ಬಿಟ್ಟ ಕೂಡಲೇ ನಾನೂ ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣನೂ, ಬಾವಿಯ ಮಣ್ಣಿನ ಗುಡ್ಡೆ ಮೇಲೆ ಹಾಜರು.

ಮೇಲೆ ಮೂರಾಳು ಆಳ ಎರೆಮಣ್ಣು. ಅದರ ಬುಡಕ್ಕೆ ಬಂದಂತೆ ಸುಣ್ಣಕಲ್ಲಿನ ಉಂಡೆಗಳು, ಗೋಲಿಯಷ್ಟು, ಲಿಂಬೆಹಣ್ಣಿನಷ್ಟು. ಅದರ ಕೆಳಗೆ ಗುದ್ದಲಿಗೆ ಅಂಟಿಕೊಳ್ಳೋ ಬೂದುಗಪ್ಪು ಜೇಡಿ. ಆ ಜೇಡಿಯ ಹೆಂಟೆಗಳು ಬಿಸಿಲಿಗೆ ಒಡೆದಾಗ ಒಳಗಿಂದ ಏನೋ ಫಳ್ ಅಂತು. ಅಣ್ಣ ಎತ್ತಿಕೊಂಡ, ನಾನು ಕಿತ್ತುಕೊಂಡೆ, ಜಗಳ ಆಯ್ತು. ಸಂಜೆಯಷ್ಟೊತ್ತಿಗೆ ಇಬ್ಬರ ಚಡ್ಡಿ ಜೇಬೂ ತುಂಬಿತ್ತು. ಕೆಲವು ಕಣ್ಣಿನ ಆಕಾರ, ನಡುವೆ ದಪ್ಪ, ಅಂಚಿಗೆ ತೆಳು. ಕೆಲವು ಎರಡು ಹರಳು ಬೆನ್ನಿಗೆ ಬೆನ್ನು ಅಂಟಿ ಹಕ್ಕಿಬಾಲದ ಹಾಗೆ ಕವಲೊಡೆದಿದ್ದವು.

ಆವತ್ತು ರಾತ್ರಿ ನಾನೊಂದು ಮಾತು ಹೇಳಿದೆ. ಈಗ ನೆನೆದರೆ ಹೊಟ್ಟೆ ಹಿಂಡುತ್ತೆ. "ದೊಡ್ಡಪ್ಪ, ಇದು ವಜ್ರ ಇರಬೋದು. ನಮ್ಮ ಪಾಠದಲ್ಲಿ ಗೋಲ್ಕೊಂಡದ ವಿಷಯ ಐತೆ." ಹುಡುಗನ ಮಾತು, ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ ಅಂದುಕೊಂಡಿದ್ದೆ. ಆದರೆ ಸಾಲ ಇದ್ದವರ ಕಿವಿ ಬೇರೆ. ಮುಂದಿನ ಸಂತೆಗೆ ದೊಡ್ಡಪ್ಪ ಹರಳೆರಡನ್ನು ಟವಲ್ಲಿನ ತುದಿಗೆ ಗಂಟು ಕಟ್ಟಿಕೊಂಡು ಹೋಗಿ ಒಬ್ಬ ಚಿನ್ನದಂಗಡಿಯವರಿಗೆ ತೋರಿಸಿದರಂತೆ. ಅವರು ಉಗುರಲ್ಲಿ ಒಮ್ಮೆ ಗೀರಿ, ನಕ್ಕು, ವಾಪಸ್ ಕೊಟ್ಟರಂತೆ. ಇದನ್ನ ದೊಡ್ಡಪ್ಪ ನನಗೆ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಅಣ್ಣ ಹೇಳಿದ.

ನೀರಂತೂ ಬಂತು. ಕಾಯಿ ಒಡೆದು, ಊದುಬತ್ತಿ ಹಚ್ಚಿ, ಮೊದಲ ಕೊಡ ಮನೆಗೆ ತಂದರು. ಅಜ್ಜಿ ಅದರಲ್ಲಿ ತೊಗರಿಬೇಳೆ ಇಟ್ಟಳು. ಒಂದು ಗಂಟೆ ಆಯ್ತು, ಎರಡು ಗಂಟೆ ಆಯ್ತು, ಸೌದೆ ಮುಗೀತು, ಬೇಳೆ ಮಾತ್ರ ಹಾಕಿದಂಗೇ ಇತ್ತು. ಅಜ್ಜಿ ಒಂದು ಕಾಳು ಹಿಸುಕಿ ನೋಡಿ, "ಗಡಸು ನೀರು ಕಣಪ್ಪ ಇದು. ಉಣ್ಣಾಕೆ ಆಗಲ್ಲ, ಹೊಲಕ್ಕೆ ಹಾಕ್ಕೋ" ಅಂದಳು. ಆಮೇಲೆ ಒಳಗೆ ಹೋಗಿ, ಬಟ್ಟೆಗೆ ಅಂತ ಇಟ್ಟಿದ್ದ ಚೌಳಿನ ತಿಳಿಯನ್ನ ಒಂದು ಸೌಟು ತಂದು ಪಾತ್ರೆಗೆ ಹೊಯ್ದಳು. ಬೇಳೆ ಬೆಂತು. ಆದರೆ ಸಾರಿನ ರುಚಿ ಮಾತ್ರ ಯಾರಿಗೂ ಬೇಡ.

ಆ ಒಂದು ಸೌಟಿನಲ್ಲಿ ಈ ಲೇಖನದ ಮುಕ್ಕಾಲು ಭಾಗ ಇದೆ. ಅದಕ್ಕೆ ಮೊದಲು ಹರಳು ಆಗೋದು ಹೇಗೆ ಅಂತ ಹೇಳಿಬಿಡ್ತೀನಿ.

ಬೇಕಾದ್ದು ಮೂರು: ಸುಣ್ಣ, ಗಂಧಕ, ನೀರು. ಸುಣ್ಣ ನಮ್ಮಲ್ಲಿ ಧಾರಾಳ. ಎರೆಮಣ್ಣಿನ ಕೆಳಗಿನ ಉಂಡೆಗಳೇ ಸಾಕ್ಷಿ. ಗಂಧಕ ಎಲ್ಲಿಂದ? ಚಿತ್ರದುರ್ಗದ ಕಪ್ಪು, ಹಸಿರು ಪದರಗಲ್ಲುಗಳಲ್ಲಿ ಅಲ್ಲಲ್ಲಿ ಗಂಧಕದ ಅದಿರು ಕೂತಿರುತ್ತೆ. ಇಂಗಳದಾಳಿನಲ್ಲಿ ತಾಮ್ರಕ್ಕಾಗಿ ಗಣಿ ತೋಡಿದ್ದು ಇಂಥ ಕಲ್ಲಿನಲ್ಲೇ. ಚಿನ್ನದ ಹಾಗೆ ಮಿರುಗೋ ಪೈರೈಟು ಅಂದರೆ ಕಬ್ಬಿಣ ಮತ್ತು ಗಂಧಕ. ಗಾಳಿ, ನೀರು ತಾಗಿದರೆ ಅದು ಕೊಳೆತು ಗಂಧಕಾಮ್ಲ ಬಿಡುತ್ತೆ. ಆಮ್ಲ ಸುಣ್ಣದ ಕಲ್ಲನ್ನ ಕಂಡರೆ ಬಿಡುತ್ತದೆಯೇ, ಕರಗಿಸಿಕೊಂಡು ಹೊರಡುತ್ತೆ. ಆ ನೀರು ಇಳಿಜಾರಲ್ಲಿ ಇಳಿದು ತಗ್ಗಿನ ಜೇಡಿಗೆ ಸೇರುತ್ತೆ. ಜೇಡಿ ನೀರನ್ನ ಕೆಳಕ್ಕೆ ಬಿಡಲ್ಲ. ಮೇಲಕ್ಕೆ ಬಿಸಿಲು ಎಳೆಯುತ್ತೆ. ನಮ್ಮ ಜಿಲ್ಲೆಯಲ್ಲಿ ವರ್ಷದ ಮಳೆ ಸರಾಸರಿ 600 ಮಿಲಿಮೀಟರ್ ಒಳಗೇ. ಬಿಸಿಲಿಗೆ ಸಿಕ್ಕಿದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ನೀರನ್ನ ಅದು ಕುಡಿದುಬಿಡಬಲ್ಲದು.

ಒಂದು ಲೀಟರ್ ನೀರು ಅಡಿಗೆ ಉಪ್ಪನ್ನ 350 ಗ್ರಾಮಿನಷ್ಟು ಕರಗಿಸಿಕೊಳ್ಳುತ್ತೆ, ಜಿಪ್ಸಮ್ಮನ್ನ ಎರಡೂವರೆ ಗ್ರಾಂ ಮಾತ್ರ. ಹಾಗಾಗಿ ನೀರು ಆರುತ್ತಾ ಬಂದಾಗ ಅಡಿಗೆ ಉಪ್ಪು ಕೊನೇವರೆಗೂ ನೀರಲ್ಲೇ ಉಳೀಬಹುದು, ಜಿಪ್ಸಂ ಬೇಗ ಕೈಬಿಡುತ್ತೆ. ಸರ್ರನೆ ಆರಿದರೆ ಪುಡಿ. ಜೇಡಿಯ ಒಳಗಿನ ಹಾಗೆ ಒಂದು ಬೇಸಿಗೆಗೆ ಒಂದಿಷ್ಟು, ಮಳೆಗಾಲಕ್ಕೆ ನಿಂತು, ಮತ್ತೆ ಬೇಸಿಗೆಗೆ ಇನ್ನೊಂದಿಷ್ಟು ಅಂತ ಆರಿದರೆ ಹರಳು. ಮೆತ್ತಗಿನ ಜೇಡಿಯನ್ನ ಬೆಳೆಯೋ ಹರಳು ಪಕ್ಕಕ್ಕೆ ತಳ್ಳಿಕೊಂಡು ಜಾಗ ಮಾಡಿಕೊಳ್ಳುತ್ತೆ. ತಳ್ಳಲಾಗದ್ದನ್ನ ನುಂಗಿಬಿಡುತ್ತೆ. ನನ್ನ ದೊಡ್ಡ ಹರಳಿನೊಳಗಿನ ಕಪ್ಪು ಗೆರೆ ಅಂಥದ್ದು, ನುಂಗಿದ ಜೇಡಿ.

ಅಂದರೆ ಹರಳು ಇರೋ ಕಡೆ ಒಂದು ಕಾಲಕ್ಕೆ ನೀರಿತ್ತು, ಆಮೇಲೆ ಹೋಯ್ತು, ಮತ್ತೆ ಬಂತು, ಮತ್ತೆ ಹೋಯ್ತು. ಶ್ಯಾನುಭೋಗರ ಲೆಕ್ಕದಲ್ಲಿ ಬರಗಾಲ ಬರೆದಿಟ್ಟ ಹಾಗೆ ನೆಲವೂ ಬರೆದಿಟ್ಟುಕೊಂಡಿರುತ್ತೆ.

ಹೋದ ನೀರೆಲ್ಲ ಹೋಯ್ತಾ ಅಂದರೆ ಅದೂ ಇಲ್ಲ. ಈ ಹರಳಿನ ತೂಕದಲ್ಲಿ ನೂರಕ್ಕೆ ಸುಮಾರು 21 ಪಾಲು ನೀರೇ. ಒದ್ದೆ ನೀರಲ್ಲ, ಹರಳಿನ ಕಟ್ಟಡದಲ್ಲಿ ಇಟ್ಟಿಗೆ ಸಾಲಿನ ಹಾಗೆ ಸೇರಿಕೊಂಡ ನೀರು. ಇದನ್ನ ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ನನ್ನ ಹತ್ತಿರ ಅಂಗೈ ಉದ್ದದ ಒಂದು ಹರಳಿತ್ತು, ಇಡೀ ಬಾವಿಯ ಗುಡ್ಡೆಯಲ್ಲಿ ಅಂಥದ್ದು ಅದೊಂದೇ. ಮೇಲೆ ಅಂಟಿದ ಜೇಡಿ ಹೋಗಲಿ ಅಂತ ತೊಳೆದು, ಬೇಗ ಆರಲಿ ಅಂತ ರೊಟ್ಟಿ ಹೆಂಚಿನ ಮೇಲೆ ಇಟ್ಟೆ. ಚಟಪಟ ಅಂತು. ನೋಡನೋಡ್ತಾ ಗಾಜು ಹಾಲಾಯ್ತು, ಹಾಲು ಸುಣ್ಣವಾಯ್ತು, ಎತ್ತಲು ಹೋದರೆ ಕೈಯಲ್ಲಿ ಪುಡಿ. ಅತ್ತುಬಿಟ್ಟೆ. ಅಜ್ಜಿ ಸಮಾಧಾನಕ್ಕೆ ಆ ಪುಡಿಗೆ ನೀರು ಹಾಕಿ ಕಲಸಿ ಒಂದು ಪುಟ್ಟ ಬಸವಣ್ಣನ್ನ ಮಾಡಿಕೊಟ್ಟಳು. ಅರ್ಧ ಗಂಟೆಯಲ್ಲಿ ಬಸವಣ್ಣ ಕಲ್ಲಾಗಿ ಕೂತ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತಾರಲ್ಲ, ಕೈ ಮುರಿದಾಗ ಹಾಕೋದು, ಅದು ಇದೇ. ಹರಳಿನ ನೀರಿನಲ್ಲಿ ಮುಕ್ಕಾಲು ಪಾಲು ಕಾಸಿ ಓಡಿಸೋದು, ಆಮೇಲೆ ನೀರು ಕೊಟ್ಟರೆ ಹಳೇ ನೆಂಟನನ್ನ ಕಂಡ ಹಾಗೆ ಹಿಡಿದುಕೊಂಡು ಗಟ್ಟಿಯಾಗೋದು. ನಮ್ಮ ಕಾವ್ಯಗಳಲ್ಲಿ ಚಂದ್ರಕಾಂತ ಶಿಲೆ ಬೆಳದಿಂಗಳಿಗೆ ನೀರು ಸುರಿಸುತ್ತೆ. ಚಂದ್ರನ ಹೆಸರಿನ ಈ ಕಲ್ಲು ನೀರು ಬಿಡೋದು ಬೆಂಕಿಗೆ. ಆಯುರ್ವೇದದವರು ಗೋದಂತಿ ಅಂತ ಇದನ್ನೇ ಸುಟ್ಟು ಭಸ್ಮ ಮಾಡೋದು. ಹಸುವಿನ ಹಲ್ಲಿನ ಹಾಗೆ ಕಾಣೋದರಿಂದ ಆ ಹೆಸರು.

ಅಂಗೈ ಹರಳು ಹೋದ ದುಃಖಕ್ಕೆ ಅದಕ್ಕಿಂತ ದೊಡ್ಡದು ಹುಡುಕಲೇಬೇಕು ಅಂತ ಎರಡು ಬೇಸಿಗೆ ಅಲೆದೆ. ಎಲ್ಲಿ? ಚೌಳು ನೆಲದಲ್ಲಿ. ಬುದ್ಧಿ ಓಡಿದ್ದು ಸರಿಯಾಗೇ ಇತ್ತು ನೋಡಿ. ನೀರು ಆರಿ ಉಪ್ಪು ಉಳಿದರೆ ಹರಳು. ಊರಾಚೆ ಚೌಳು ನೆಲದ ಮೇಲೆ ಬೇಸಿಗೆಯಲ್ಲಿ ಉಪ್ಪು ಹಿಮ ಬಿದ್ದಂತೆ ಬೆಳ್ಳಗೆ ಕೂತಿರುತ್ತೆ. ಹಾಗಾದರೆ ಅದರ ಕೆಳಗೆ ಹರಳಿನ ಗಣಿಯೇ ಇರಬೇಕು! ಅಂಗಾಲು ಬಿರುಕು ಬಿಟ್ಟಿತೇ ಹೊರತು ಒಂದು ಚೂರೂ ಸಿಗಲಿಲ್ಲ. ಯಾಕೆ ಅಂತ ತಿಳಿಯೋಕೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಯ್ತು.

1799ರಲ್ಲಿ ಟಿಪ್ಪು ಬಿದ್ದ. ಮರುವರ್ಷ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯನನ್ನ, ಮೈಸೂರು ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಏನೇನು ಮಾಡ್ತಾರೆ ಬರಕೊಂಡು ಬಾ ಅಂತ ಕಳಿಸಿತು. ಆತ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಕರಾವಳಿ ಎಲ್ಲ ಸುತ್ತಿ, 1801ರಲ್ಲಿ ನಮ್ಮ ಚಿತ್ರದುರ್ಗ, ಹಿರಿಯೂರು ಕಡೆ ಹಾದ. ಬರೆದದ್ದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯ್ತು. ಕಾಲೇಜಿನ ಲೈಬ್ರರಿಯಲ್ಲಿ ಅದನ್ನ ತಿರುವಿ ಹಾಕ್ತಿದ್ದಾಗ ನಮ್ಮ ತಾಲ್ಲೂಕಿನ ಮತ್ತೋಡು ಕಣ್ಣಿಗೆ ಬಿತ್ತು. ಕಾಗುಣಿತ ಮಾತ್ರ ಆತನದ್ದೇ, ಎರಡು ಸಲ ಓದಿದ ಮೇಲೆ ಮತ್ತೋಡು ಅಂತ ಹೊಳೆದದ್ದು.

ಮತ್ತೋಡಲ್ಲಿ ಆಗ ಬಳೆಗೆ ಬೇಕಾದ ಗಾಜು ಮಾಡ್ತಿದ್ದರು. ಕೋಟೆ ಗೋಡೆಗೆ ಒಳಮೈಯಿಂದ ಒತ್ತಿಕೊಂಡ ಹಾಗೆ ಎತ್ತರದ ಜಗುಲಿ, ಅದರೊಳಗೆ ಗುಮ್ಮಟದಂಥ ಕುಲುಮೆಗಳು. ಬುಕಾನನ್‌ಗೆ ಗಾಜು ಹಿಡಿಸಿಲ್ಲ. ಒರಟು, ಬೆಳಕು ದಾಟಲ್ಲ ಅಂತ ಮೂಗು ಮುರಿದಿದ್ದಾನೆ. ಆದರೆ ಐದು ಬಣ್ಣ ಲೆಕ್ಕ ಹಾಕಿದ್ದಾನೆ: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಕಪ್ಪಿಗೇ ಹೆಚ್ಚು ಗಿರಾಕಿ. ಮುಖ್ಯ ಸಾಮಾನು ಎರಡು. ಒಂದು ಬಿಳೀ ಬೆಣಚುಕಲ್ಲಿನ ಪುಡಿ. ಇನ್ನೊಂದನ್ನ ಆತ ಕನ್ನಡದ ಹೆಸರಿನಲ್ಲೇ ಬರಕೊಂಡಿದ್ದಾನೆ, ಸೌಳು. ಅಂದರೆ ನಮ್ಮ ಚೌಳು. ಬೆಣಚುಕಲ್ಲು ಸುಲಭಕ್ಕೆ ಕರಗೋ ಜಾತಿಯಲ್ಲ. ಚೌಳು ಬೆರೆಸಿದರೆ ಸೌದೆ ಬೆಂಕಿಗೂ ಬಗ್ಗುತ್ತೆ.

ಓದಿ ಒಂದು ಗಳಿಗೆ ಸುಮ್ಮನೆ ಕೂತೆ. ನಾವು ಶಾಪ ಹಾಕೋ ಚೌಳು, "ಬೀಜ ಹಾಕಿದರೆ ಬೀಜಾನೂ ಹೋಯ್ತು" ಅನ್ನೋ ನೆಲ, ಒಂದು ಕಾಲಕ್ಕೆ ಇದೇ ತಾಲ್ಲೂಕಿನ ಹೆಂಗಸರ ಕೈಯ ಮೇಲೆ ಝಣಝಣ ಅಂದಿತ್ತು! ಈಗ ಜಾತ್ರೇಲಿ ನಾವು ಕೊಳ್ಳೋ ಬಳೆ ಫಿರೋಜಾಬಾದಿನದ್ದು. ಸೋಡಾ ಕಾರ್ಖಾನೆಯಿಂದ ಬರುತ್ತೆ. ಚೌಳು ಮಡಿವಾಳರ ಕೈಯಲ್ಲೂ ಅಜ್ಜಿಯಂಥವರ ಗಡಿಗೆಯಲ್ಲೂ ಇನ್ನೂ ಕೆಲವು ಕಾಲ ಉಳಿದಿತ್ತು, ಅಷ್ಟೇ. ಚೌಳು ಯಾವ ತಿಂಗಳು ಮೇಲೇಳುತ್ತೆ, ಯಾವ ಜಾಗದ್ದು ಬಟ್ಟೆಗೆ ಒಳ್ಳೆಯದು, ಯಾವುದು ಕೈ ಸುಡುತ್ತೆ, ಇವೆಲ್ಲ ಗೊತ್ತಿದ್ದ ಕೊನೆಯ ತಲೆಮಾರು ಅದು. ನಾವು ಕೇಳಿ ಇಟ್ಟುಕೊಳ್ಳಲಿಲ್ಲ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಗಾಜಿಗೆ ಬರೋ ಚೌಳಿನ ಜೀವಾಳ ಸೋಡಿಯಂ ಕಾರ್ಬೊನೇಟು. ಸೆಲೆನೈಟ್ ಅಂದರೆ ಕ್ಯಾಲ್ಸಿಯಂ ಸಲ್ಫೇಟು. ಇವೆರಡೂ ಒಂದೇ ನೀರಲ್ಲಿ ಸೇರಿದರೆ ಜೋಡಿ ಬದಲಾಯಿಸಿಕೊಂಡುಬಿಡ್ತವೆ. ಸುಣ್ಣ ಕಾರ್ಬೊನೇಟಿನ ಜೊತೆ ಸೇರಿ ಸುಣ್ಣಕಲ್ಲಾಗಿ ತಳಕ್ಕೆ ಕೂರುತ್ತೆ, ಸೋಡಿಯಮ್ಮು ಸಲ್ಫೇಟಿನ ಜೊತೆ ನೀರಲ್ಲಿ ಉಳಿದು ಮಳೆ ಬಂದಾಗ ತೊಳೆದು ಹೋಗುತ್ತೆ. ಅಂದರೆ ನಿಜವಾದ ಚೌಳು ಇರೋ ಕಡೆ ಈ ಹರಳು ಬಾಳಲ್ಲ. ಹರಳು ಇರೋ ಕಡೆ ಆ ಚೌಳು ಬಾಳಲ್ಲ. ಎರಡೂ ಬಿಸಿಲಿಗೆ ನೀರು ಆರಿ ಹುಟ್ಟಿದವೇ, ಅಣ್ಣತಮ್ಮಂದಿರೇ, ಆದರೆ ಒಂದೇ ಸೂರಿನಡಿ ಇರಲಾರವು. ನಾನು ಎರಡು ಬೇಸಿಗೆ ಹುಡುಕಿದ್ದು ಸರಿಯಾಗಿ ಇಲ್ಲದ ಜಾಗದಲ್ಲೇ!

ಚೌಳು ಜಮೀನಿಗೆ ಜಿಪ್ಸಂ ಹಾಕಿ ಅಂತ ಕೃಷಿ ಇಲಾಖೆಯವರು ಹೇಳೋದರ ಗುಟ್ಟೂ ಇದೇ. ಮತ್ತೆ ಅಜ್ಜಿಯ ಸೌಟಿಗೆ ಬನ್ನಿ. ದೊಡ್ಡಪ್ಪನ ಬಾವಿ ಜಿಪ್ಸಂ ಜೇಡಿಯಲ್ಲಿ ತೋಡಿದ್ದು, ನೀರಿನ ತುಂಬ ಕರಗಿದ ಸುಣ್ಣ. ಆ ಸುಣ್ಣ ಬೇಳೆಯ ಸಿಪ್ಪೆ, ತಿರುಳುಗಳಲ್ಲಿನ ಅಂಟನ್ನ ಬಿಗಿದು ಹಿಡಿದುಕೊಳ್ಳುತ್ತೆ, ಬೇಳೆ ಕರಗಲ್ಲ. ಅಜ್ಜಿ ಚೌಳು ಹೊಯ್ದಳು. ಸುಣ್ಣ ತಳಕ್ಕೆ ಕೂತಿತು, ಬೇಳೆ ಬಿಟ್ಟಿತು. ಕೃಷಿ ಇಲಾಖೆ ಹೊಲದಲ್ಲಿ ಚೌಳಿಗೆ ಜಿಪ್ಸಂ ಸುರಿದರೆ, ಅಜ್ಜಿ ಪಾತ್ರೆಯಲ್ಲಿ ಜಿಪ್ಸಮ್ಮಿಗೆ ಚೌಳು ಸುರಿದಳು. ಲೆಕ್ಕ ಒಂದೇ, ಬದಿ ಬೇರೆ. ಅವಳಿಗೆ ಅಕ್ಷರ ಬರ್ತಿರಲಿಲ್ಲ. ಆದರೆ ನೀರು ಎರಡು ಜಾತಿ, ಬೇಳೆ ಕರಗಿಸೋದು ಮತ್ತು ಬೇಳೆ ಕರಗಿಸದ್ದು, ಒಂದನ್ನ ಇನ್ನೊಂದು ಮುರಿಯುತ್ತೆ ಅನ್ನೋದು ಬರ್ತಿತ್ತು. ಬಾವಿ ತೋಡೋ ಮುಂಚೆ ಅವಳನ್ನ ಯಾರೂ ಒಂದು ಮಾತು ಕೇಳಲಿಲ್ಲ.

ಹೊರಗಿನ ಕತೆ ಎರಡು ಹೇಳಿ ಊರಿಗೆ ವಾಪಸ್ ಬರ್ತೀನಿ. ಗಾಜಿನ ಹಲಗೆ ದುಬಾರಿಯಾಗಿದ್ದ ಕಾಲಕ್ಕೆ ರೋಮಿನ ಶ್ರೀಮಂತರು ಈ ಹರಳನ್ನೇ ಸೀಳಿ ಕಿಟಕಿಗೆ ಹಾಕ್ತಿದ್ದರು. ಒಳ್ಳೆಯ ಹರಳು ಸ್ಪೇನಿನ ಸೆಗೋಬ್ರಿಗಾ ಊರಿನ ಸುತ್ತಮುತ್ತ ಸಿಗುತ್ತೆ ಅಂತ ಮೊದಲನೇ ಶತಮಾನದ ಪ್ಲಿನಿ ಬರೆದಿದ್ದಾನೆ. ಅಲ್ಲಿನ ಗಣಿಗಳು ಈಗಲೂ ನೋಡೋಕೆ ಸಿಗ್ತವೆ. ಹರಳಿನ ಕೆಲಸವನ್ನ ಮುಂದೆ ಗಾಜು ಕಿತ್ತುಕೊಂಡಿತು.

ಎರಡನೆಯದು ಮೆಕ್ಸಿಕೋದ ನೈಕಾ. ಸೀಸ, ಬೆಳ್ಳಿಯ ಗಣಿ. 2000ನೇ ಇಸವಿಯಲ್ಲಿ 300 ಮೀಟರ್ ಆಳದಲ್ಲಿ ಸುರಂಗ ಕೊರೆಯುವಾಗ ಒಂದು ಗುಹೆ ತೆರೆದುಕೊಂಡಿತು. ಒಳಗೆ ತೆಂಗಿನ ಮರದಷ್ಟು ದಪ್ಪ, 11 ಮೀಟರ್ ಉದ್ದದ ಸೆಲೆನೈಟ್ ಕಂಬಗಳು ಅಡ್ಡಾದಿಡ್ಡಿ ಬಿದ್ದಿವೆ. ಅವು ನಮ್ಮ ಬಾವಿಯ ಹರಳಿನ ಹಾಗೆ ನೀರು ಆರಿ ಆದವಲ್ಲ, ಬಿಸಿನೀರಲ್ಲಿ ಮುಳುಗಿದ್ದೇ ಬೆಳೆದವು. ಜಿಪ್ಸಮ್ಮಿನ ಇನ್ನೊಂದು ರೂಪ, ನೀರಿಲ್ಲದ ಅನ್‌ಹೈಡ್ರೈಟು, ಸುಮಾರು 58 ಡಿಗ್ರಿಗಿಂತ ಕೆಳಗೆ ಮೆಲ್ಲಗೆ ಕರಗಿ ಜಿಪ್ಸಂ ಆಗುತ್ತೆ. ನೈಕಾದ ನೀರು ಲಕ್ಷಾಂತರ ವರ್ಷ ಆ ಅಂಚಿನಲ್ಲೇ ನಿಂತಿತ್ತು. ಕಂಬ ಒಂದು ಮೀಟರ್ ದಪ್ಪ ಆಗೋಕೆ ಸುಮಾರು 10 ಲಕ್ಷ ವರ್ಷ ಬೇಕು ಅಂತ ಅಳೆದವರು ಹೇಳ್ತಾರೆ. ಗಣಿಯವರು ಪಂಪಿಟ್ಟು ಅಂತರ್ಜಲ ಎಳೆದುಹಾಕಿದ್ದರಿಂದಲೇ ಮನುಷ್ಯರು ಅದನ್ನ ನೋಡಿದ್ದು. 2015ರಲ್ಲಿ ಪಂಪು ನಿಂತಿತು, ನೀರು ಮತ್ತೆ ಏರಿ ಗುಹೆಯನ್ನ ಮುಳುಗಿಸಿತು. ಹರಳಿನ ಪಾಲಿಗೆ ಅದೇ ಒಳ್ಳೆಯದು.

ಊರಿಗೆ ಬಂದೆ. ಪಕ್ಕದ ಹೊಳಲ್ಕೆರೆ ಸೀಮೆಯ ಗಟ್ಟಿಹೊಸಹಳ್ಳಿಯ ಹೆಸರು ಜಗತ್ತಿನ ಭೂವಿಜ್ಞಾನಿಗಳಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅಲ್ಲಿ ಹಸಿರು ಅಭ್ರಕದ ಕಲ್ಲುಗಳ ಜೊತೆ ಪದರ ಪದರವಾಗಿ ಬೆರೈಟು ಸಿಗುತ್ತೆ. ಬೇರಿಯಂ ಸಲ್ಫೇಟು, ನಮ್ಮ ಜಿಪ್ಸಮ್ಮಿನ ದಾಯಾದಿ. ವಯಸ್ಸು 300 ಕೋಟಿ ವರ್ಷದ ಆಚೆಗೆ. ಭಾರತದ ಭೂವೈಜ್ಞಾನಿಕ ಸಂಘವನ್ನ ಕಟ್ಟಿದ ಬಿ. ಪಿ. ರಾಧಾಕೃಷ್ಣ ಅವರೂ ಸಹಲೇಖಕರೊಬ್ಬರೂ 1974ರಲ್ಲಿ ಇದರ ಬಗ್ಗೆ ಬರೆದರು. ಭೂಮಿಯ ಮೇಲೆ ಗಾಳಿಯಲ್ಲಿ ಆಮ್ಲಜನಕವೇ ಇರದಿದ್ದ ಕಾಲದ ಸಮುದ್ರದಲ್ಲಿ ಇಷ್ಟು ಸಲ್ಫೇಟು ಎಲ್ಲಿಂದ ಬಂತು ಅನ್ನೋದು ಇವತ್ತಿಗೂ ವಾದದ ವಿಷಯ. ಬೆರೈಟು ನೀರಿಗೆ ಹೆಚ್ಚುಕಮ್ಮಿ ಕರಗೋದೇ ಇಲ್ಲ, ಅದಕ್ಕೇ ಉಳಿಯಿತು. ಜಿಪ್ಸಮ್ಮಿಗೆ ಆ ಆಯಸ್ಸಿಲ್ಲ. ನನ್ನ ಡಬ್ಬದ ಹರಳು ಭೂಮಿಯ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ನಾಳಿದ್ದು ಇರುತ್ತೋ ಇಲ್ಲವೋ.

ಅದಕ್ಕೇ ಸಂಗ್ರಹ ಮಾಡೋರಿಗೆ ಒಂದೆರಡು ಮಾತು. ಎರೆಹೊಲದಲ್ಲಿ ಬಾವಿಯೋ ಪಾಯವೋ ತೋಡುವಾಗ ಸುಣ್ಣದುಂಡೆಯ ಕೆಳಗಿನ ಜೇಡಿ ನೋಡಿ. ಹೆಂಟೆಯನ್ನ ಸುತ್ತಿಗೆಯಲ್ಲಿ ಒಡೀಬೇಡಿ, ನೆರಳಲ್ಲಿ ಆರಲು ಬಿಟ್ಟರೆ ಅದೇ ಬಿರಿದು ಹರಳನ್ನ ಬಿಟ್ಟುಕೊಡುತ್ತೆ. ಮೆತ್ತನೆ ಬ್ರಷ್ಷಲ್ಲಿ ಒರೆಸಿ. ನೀರಲ್ಲಿ ನೆನೆಹಾಕಿದರೆ ಹೊಳಪು ಹೋಗುತ್ತೆ. ಒಲೆಯ ಹತ್ತಿರವಂತೂ ಸುಳೀಬೇಡಿ, ನನ್ನ ಕತೆ ಕೇಳಿದಿರಲ್ಲ. ಹತ್ತಿಯಲ್ಲಿಟ್ಟು, ಎಲ್ಲಿ, ಎಷ್ಟು ಅಡಿಯಲ್ಲಿ, ಯಾವ ಮಣ್ಣಲ್ಲಿ ಸಿಕ್ತು ಅಂತ ಒಂದು ಚೀಟಿ ಬರೆದಿಡಿ. ಚೀಟಿ ಇಲ್ಲದ ಹರಳು ಬರೀ ಹೊಳೆಯೋ ಕಲ್ಲು. ನನ್ನ ಡಬ್ಬದ ಚೀಟಿಯಲ್ಲಿ "ದೊಡ್ಡಪ್ಪನ ಬಾವಿ, 22 ಅಡಿ, ಬರದ ವರ್ಷ" ಅಂತಿದೆ, ಆರನೇ ಕ್ಲಾಸಿನ ಅಕ್ಷರ. ನಾನು ಆ ವಯಸ್ಸಿಗೆ ಮಾಡಿದ ಒಂದೇ ಬುದ್ಧಿವಂತ ಕೆಲಸ.

ಬಾವಿ ಆರೇಳು ವರ್ಷ ನೀರು ಕೊಟ್ಟಿತು. ಆಮೇಲೆ ಸುತ್ತ ಬೋರುಗಳು ಬಂದವು. ಇನ್ನೂರು ಅಡಿ, ನಾನೂರು, ಎಂಟುನೂರು. ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. ದೊಡ್ಡಪ್ಪ ಬಾವಿಯ ಸಾಲ ತೀರಿಸಿದ್ದು ಬಾವಿ ಬತ್ತಿದ ಎರಡು ವರ್ಷಕ್ಕೆ, ಮೇಲಿನ ಹೊಲದಲ್ಲಿ ಒಂದೆಕರೆ ಮಾರಿ. ಅದಕ್ಕೆ ಹರಳೇನೂ ಕಾರಣವಲ್ಲ ಅಂತ ಗೊತ್ತು. ಆದರೂ ಆ ಟವಲ್ಲಿನ ಗಂಟು ಆಗಾಗ ಕಣ್ಣಿಗೆ ಬರುತ್ತೆ.

2022ರಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿತ್ತಲ್ಲ, 1933ರ ಮೇಲೆ ಮೊದಲನೇ ಸಲ, 89 ವರ್ಷಕ್ಕೆ. ಹಿನ್ನೀರು ನಮ್ಮ ತಾಲ್ಲೂಕಿನ ಊರುಗಳವರೆಗೂ ಏರಿತು. ಆ ವರ್ಷ ಅಣ್ಣ ಫೋನು ಮಾಡಿದ್ದ. ತಗ್ಗಿನ ಹೊಲದಲ್ಲಿ ಕೃಷಿ ಹೊಂಡ ತೆಗೆಸ್ತಿದ್ದಾನೆ, ಜೇಸೀಬಿ ಮುಚ್ಚಿಹೋದ ಬಾವಿಯ ಪಕ್ಕದಲ್ಲೇ ನಿಂತಿದೆ.

"ಅದೇ ಜೇಡಿ ಕಣೋ, ನಿನ್ನ ವಜ್ರ ಬಂದ್ವು ನೋಡು" ಅಂದ. ಹಿಂದೆ ಜೇಸೀಬಿಯ ಸದ್ದು.

"ಒಂದಷ್ಟು ಎತ್ತಿಡಣ್ಣ, ಚೀಟಿ ಬರೆದಿಡು" ಅಂದೆ.

"ಎತ್ತಿಡ್ತೀನಿ. ಆದ್ರೆ ಹೊಂಡಕ್ಕೆ ಪ್ಲಾಸ್ಟಿಕ್ ಹಾಕ್ಬೇಕೋ ಬೇಡ್ವೋ ಹೇಳು. ಹಾಕಿಲ್ಲಾಂದ್ರೆ ನೀರು ಹಂಗೇ ಗಡಸು ಆಗುತ್ತಾ?"

ನಲವತ್ತು ವರ್ಷ ಹತ್ತಿರ ಬಂತು, ನಮ್ಮ ಮನೆಯಲ್ಲಿ ಒಬ್ಬರು ಗುಂಡಿ ತೋಡುವಾಗಲೇ ನೀರಿನ ಜಾತಿ ಕೇಳಿದ್ದು ಇದೇ ಮೊದಲು. ಹಾಕು ಅಂದೆ. ಹಾಕಿದ. ಆ ವರ್ಷದ ಮಳೆಗೆ ಹೊಂಡ ತುಂಬಿತು. ದೀಪಾವಳಿಗೆ ಹೋದಾಗ ಅತ್ತಿಗೆ ಅದೇ ನೀರಲ್ಲಿ ಬೇಳೆ ಇಟ್ಟಿದ್ದರು, ಮೂರು ಸೀಟಿಗೆ ಬೆಂತು.